ತಿರುವಿನಲ್ಲಿ ನನ್ನನ್ನು ಬಾಗಿಲಿಗೆ ಒತ್ತುವುದು ಯಾರು?

ಪ್ರಶ್ನೆ: ಟ್ಯಾಂಕರ್ ಚಾಲಕ

ಎಲ್ಲರಿಗೂ ನಮಸ್ಕಾರ. ನಾನು ನೀರಿನ ಟ್ಯಾಂಕರ್ ಓಡಿಸುವವನು. ಈ ಕೆಲಸಕ್ಕೆ ಸೇರಿ 19 ವರ್ಷ ಆಯಿತು. ಓದಿದ್ದು ಹತ್ತನೇ ಕ್ಲಾಸ್‌ವರೆಗೆ ಮಾತ್ರ. ಮಗಳು ಈಗ ಫಿಸಿಕ್ಸ್ ಓದುತ್ತಿದ್ದಾಳೆ. ಮೊನ್ನೆ ರಾತ್ರಿ ಅವಳ ಪಕ್ಕ ಕೂತು, ಅವಳು ಬರೆಯುತ್ತಿದ್ದ ಚಿತ್ರ ನೋಡುತ್ತಿದ್ದೆ. ಒಂದು ತಿರುವು, ಅದರಲ್ಲಿ ಒಂದು ಕಾರು, ಕಾರಿನ ಮೇಲೆ ಒಂದು ಬಾಣದ ಗುರುತು. ಬಾಣ ತಿರುವಿನ ಒಳಗಡೆಗೆ ಮುಖ ಮಾಡಿತ್ತು.

"ಬಾಣ ಉಲ್ಟಾ ಹಾಕಿದ್ದೀಯಲ್ಲ ಪುಟ್ಟಿ, ತಿರುವಿನಲ್ಲಿ ಗಾಡಿ ಹೊರಗಡೆಗೆ ಎಳೆಯುತ್ತೆ" ಅಂದೆ.

"ಇಲ್ಲಪ್ಪಾ, ಹೊರಗೆ ತಳ್ಳೋ ಬಲ ಅಂತ ಇಲ್ಲವೇ ಇಲ್ಲ. ಇರೋದು ಒಳಗೆ ಎಳೆಯೋದೊಂದೇ" ಅಂದಳು.

ಅವಳು ಸುಮ್ನೆ ಹೇಳುವವಳಲ್ಲ. ಆದರೆ 19 ವರ್ಷದಿಂದ ನನ್ನ ಮೈಗೆ ಗೊತ್ತಿರುವುದು ಬೇರೆ. ಎಡಕ್ಕೆ ಜೋರಾಗಿ ತಿರುಗಿಸಿದರೆ ನನ್ನ ಭುಜ ಬಲಗಡೆ ಬಾಗಿಲಿಗೆ ಒತ್ತಿಕೊಳ್ಳುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ನೀರಿನ ಬಾಟಲಿ ಜಾರಿಕೊಂಡು ನನ್ನ ಕಡೆ ಬರುತ್ತದೆ. ಯಾರೋ ತಳ್ಳದೆ ಅದು ಹೇಗೆ ಬರುತ್ತದೆ?

ಇನ್ನೊಂದು ವಿಷಯ ನೀರಿನದು. ಟ್ಯಾಂಕ್ ಪೂರ್ತಿ ತುಂಬಿದ್ದರೆ ಗಾಡಿ ಭಾರ, ಆದರೆ ಹೇಳಿದ ಮಾತು ಕೇಳುತ್ತದೆ. ಅರ್ಧ ತುಂಬಿದ್ದರೆ ಕಷ್ಟ. ಬ್ರೇಕ್ ಹಿಡಿದು ಗಾಡಿ ನಿಲ್ಲಿಸಿದ ಮೇಲೆ, ಒಂದು ಕ್ಷಣ ಬಿಟ್ಟು, ಹಿಂದಿನಿಂದ ಯಾರೋ ಗುದ್ದಿದ ಹಾಗೆ 'ಧಡ್' ಅನ್ನುತ್ತದೆ. ಗಾಡಿ ಮುಂದಕ್ಕೆ ಒಂದು ಸಲ ಜಗ್ಗುತ್ತದೆ. ಸಿಗ್ನಲ್ ಗೆರೆ ದಾಟಿ ಹೋಗಿದ್ದೂ ಇದೆ. ಮುಂದೆ ಬೈಕ್ ನಿಂತಿದ್ದರೆ ನನಗೆ ಈಗಲೂ ಜೀವ ಬಾಯಿಗೆ ಬರುತ್ತದೆ.

ನಾಲ್ಕು ವರ್ಷದ ಹಿಂದೆ ಒಂದು ಎಡ ತಿರುವಿನಲ್ಲಿ, ಮುಕ್ಕಾಲು ಟ್ಯಾಂಕ್ ನೀರಿತ್ತು, ವೇಗ 50ರ ಆಸುಪಾಸು. ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರ ಆಯಿತು. ಕನ್ನಡಿಯಲ್ಲಿ ನೋಡಿದರೆ ಎಡಗಡೆ ಹಿಂದಿನ ಚಕ್ರದ ಕೆಳಗೆ ಬೆಳಕು ಕಂಡಿತು. ಮತ್ತೆ ಕೂತಿತು, ಏನೂ ಆಗಲಿಲ್ಲ. ಆಮೇಲೆ ಗಾಡಿ ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಹೊರಗೆ ತಳ್ಳುವ ಬಲ ಇಲ್ಲ ಅಂದರೆ ಆವತ್ತು ಆ ಚಕ್ರವನ್ನು ಎತ್ತಿದ್ದು ಯಾವುದು?

ಕೊನೆಯದು. ಓಡುತ್ತಿರುವ ವಸ್ತು ಓಡುತ್ತಲೇ ಇರುವುದಕ್ಕೆ ಬಲವೇ ಬೇಡ ಅಂತಲೂ ಮಗಳು ಹೇಳಿದಳು. ಹಾಗಾದರೆ ನೇರ ರಸ್ತೆಯಲ್ಲಿ 60ರಲ್ಲಿ ಹೋಗುವಾಗ ನಾನು ಆಕ್ಸಿಲರೇಟರ್ ಮೇಲೆ ಕಾಲು ಯಾಕೆ ಇಟ್ಟುಕೊಂಡಿರಬೇಕು?

ವಾದ ಮಾಡಿ ಗೆಲ್ಲಬೇಕು ಅಂತಲ್ಲ. ಅವಳಿಗೆ ಅರ್ಥ ಆಗಿರುವುದು ನನಗೂ ಅರ್ಥ ಆಗಬೇಕು, ಅಷ್ಟೇ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಹಳೇ ಮೇಷ್ಟ್ರು

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಚೆನ್ನಾಗಿ ಗಮನಿಸಿ ಕೇಳಿದವರು ಕಡಿಮೆ. ನಿಧಾನವಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಮಗಳ ಬಾಣ ಸರಿ ಇದೆ. ನಿಮ್ಮ ಭುಜ ಹೇಳುತ್ತಿರುವುದೂ ಸುಳ್ಳಲ್ಲ. ನೀವಿಬ್ಬರೂ ಬೇರೆ ಬೇರೆ ವಸ್ತುವಿನ ಮೇಲೆ ಬೀಳುವ ಬಲದ ಮಾತಾಡುತ್ತಿದ್ದೀರಿ, ಅದಕ್ಕೇ ಜಗಳ ಹುಟ್ಟಿದೆ. ನಾನು ಮಕ್ಕಳಿಗೆ ಒಂದು ಅಭ್ಯಾಸ ಮಾಡಿಸುತ್ತಿದ್ದೆ. ಬಾಣ ಬರೆಯುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಈ ಬಲ ಯಾರ ಮೇಲೆ? ಯಾರಿಂದ? ಎರಡಕ್ಕೂ ಉತ್ತರ ಸಿಗದಿದ್ದರೆ ಬಾಣ ಬರೆಯುವ ಹಾಗಿಲ್ಲ.

ಈಗ ಬಾಟಲಿಯನ್ನೇ ತೆಗೆದುಕೊಳ್ಳಿ. ನೀವು ಕ್ಯಾಬಿನ್ ಒಳಗೆ ಕೂತು ನೋಡಿದ್ದೀರಿ. ಒಂದು ಸಲ ಗಾಡಿಯಿಂದ ಇಳಿದು, ಮನಸ್ಸಿನಲ್ಲೇ, ರಸ್ತೆ ಪಕ್ಕದ ಒಂದು ಎತ್ತರದ ಕಟ್ಟಡದ ಮೇಲೆ ನಿಂತುಕೊಳ್ಳಿ. ಕ್ಯಾಬಿನ್‌ಗೆ ಮೇಲ್ಛಾವಣಿ ಇಲ್ಲ ಅಂದುಕೊಳ್ಳಿ. ಟ್ಯಾಂಕರ್ ನೇರ ಬರುತ್ತಿದೆ, ಬಾಟಲಿಯೂ ಅದರ ಜೊತೆ ನೇರ ಬರುತ್ತಿದೆ. ನೀವು ಎಡಕ್ಕೆ ತಿರುಗಿಸಿದಿರಿ. ಟೈರು ರಸ್ತೆಯನ್ನು ಹಿಡಿದುಕೊಂಡು ಗಾಡಿಯನ್ನು ಎಡಕ್ಕೆ ಎಳೆಯಿತು. ಬಾಟಲಿಯನ್ನು ಯಾರು ಎಳೆಯಬೇಕು? ಅದರ ಕೆಳಗಿರುವುದು ನುಣುಪಾದ ಡ್ಯಾಶ್‌ಬೋರ್ಡ್. ಅದರ ಹಿಡಿತ ಸಾಲುವುದಿಲ್ಲ. ಹಾಗಾಗಿ ಬಾಟಲಿ ಹೆಚ್ಚು ಕಡಿಮೆ ಮೊದಲಿನ ದಾರಿಯಲ್ಲೇ ಹೋಗುತ್ತಿದೆ. ಅದರ ಕೆಳಗಿನಿಂದ ಗಾಡಿಯೇ ಎಡಕ್ಕೆ ಸರಿದುಕೊಂಡಿತು. ಮೇಲೆ ನಿಂತು ನೋಡಿದರೆ ಬಾಟಲಿ ನಿಮ್ಮ ಕಡೆ ಬರಲೇ ಇಲ್ಲ, ನೀವೇ ಬಾಟಲಿಯ ಕಡೆ ಹೋದಿರಿ!

ನಿಮ್ಮ ಭುಜವೂ ಹೀಗೆಯೇ. ನಿಮ್ಮ ಮೈ ನೇರ ಹೋಗುತ್ತಿತ್ತು. ಬಾಗಿಲು ಎಡಕ್ಕೆ ಬಂದು ನಿಮಗೆ ತಾಗಿತು. ಆಮೇಲೆ ಬಾಗಿಲು ನಿಮ್ಮನ್ನು ಎಡಕ್ಕೆ, ಅಂದರೆ ತಿರುವಿನ ಒಳಗಡೆಗೆ, ಒತ್ತಿಕೊಂಡೇ ಹೋಯಿತು. ಭುಜಕ್ಕೆ ನೋವಾದದ್ದು ಬಾಗಿಲು ಒಳಗೆ ಒತ್ತಿದ್ದರಿಂದ.

ಆದರೆ ಗಮನಿಸಿ. ಬಾಗಿಲು ನಿಮ್ಮನ್ನು ಒಳಗೆ ಒತ್ತಿದರೆ, ನೀವೂ ಬಾಗಿಲನ್ನು ಅಷ್ಟೇ ಜೋರಾಗಿ ಹೊರಗೆ ಒತ್ತುತ್ತೀರಿ. ಇದು ನ್ಯೂಟನ್ 1687ರಲ್ಲಿ ಬರೆದ ಮೂರನೇ ನಿಯಮ. ಅಂದರೆ ಹೊರಗಡೆಗೆ ಒಂದು ಬಲ ನಿಜಕ್ಕೂ ಇದೆ. ಅದು ಬಾಗಿಲಿನ ಮೇಲೆ ಇದೆ, ನಿಮ್ಮ ಮೇಲೆ ಅಲ್ಲ. ಮಗಳು ಬರೆದದ್ದು ತಿರುಗುವ ವಸ್ತುವಿನ ಮೇಲಿನ ಬಲ. ನೀವು ಹೇಳಿದ್ದು ತಿರುಗಿಸುವ ವಸ್ತುವಿನ ಮೇಲೆ ಬೀಳುವ ಬಲ. ಗೊತ್ತಾಯಿತಲ್ವಾ?

ಒಂದು ಪರೀಕ್ಷೆ ಹೇಳುತ್ತೇನೆ. ದಾರಕ್ಕೆ ಒಂದು ರಬ್ಬರ್ ಕಟ್ಟಿ ತಲೆಯ ಮೇಲೆ ಗಿರಗಿರ ತಿರುಗಿಸಿ, ಥಟ್ಟನೆ ಬಿಡಿ. ಹೊರಗೆ ಎಳೆಯುವ ಬಲ ಇದ್ದಿದ್ದರೆ ರಬ್ಬರ್ ನಿಮ್ಮ ಕೈಯಿಂದ ನೆಟ್ಟಗೆ ದೂರ ಹಾರಬೇಕಿತ್ತು, ಛತ್ರಿಯ ಕಡ್ಡಿಯ ಹಾಗೆ. ಹಾರುವುದಿಲ್ಲ. ಬಿಟ್ಟ ಕ್ಷಣ ಅದು ಯಾವ ಕಡೆ ಹೋಗುತ್ತಿತ್ತೋ ಆ ಕಡೆಗೇ, ವೃತ್ತವನ್ನು ಸವರಿಕೊಂಡು ಹೋದ ಹಾಗೆ, ಪಕ್ಕಕ್ಕೆ ಹಾರುತ್ತದೆ. ದಾರ ಮಾಡುತ್ತಿದ್ದದ್ದು ಒಂದೇ ಕೆಲಸ: ಕ್ಷಣ ಕ್ಷಣಕ್ಕೂ ಅದನ್ನು ಒಳಗೆ ಎಳೆದು ದಾರಿ ಬದಲಿಸುವುದು. ಭೂಮಿ ಚಂದ್ರನನ್ನು ಎಳೆಯುವುದೂ ಹೀಗೆಯೇ. ದಾರ ಕಾಣುವುದಿಲ್ಲ, ಅಷ್ಟೇ.

ಈಗ ನಿಮ್ಮ ನೀರು. ಇದು ನನಗೆ ತುಂಬಾ ಇಷ್ಟವಾದ ಭಾಗ. ನಿಮ್ಮ ಬ್ರೇಕ್ ಹಿಡಿದದ್ದು ಚಕ್ರವನ್ನು. ಚಕ್ರ ಗಾಡಿಯನ್ನು ತಡೆಯಿತು. ನೀರನ್ನು ತಡೆದವರು ಯಾರು? ಮೊದಲಿಗೆ ಯಾರೂ ಇಲ್ಲ. ಅರ್ಧ ಟ್ಯಾಂಕ್ ಅಂದರೆ ನೀರಿಗೆ ಓಡಲು ಜಾಗ ಇದೆ. ಗಾಡಿ ನಿಲ್ಲುತ್ತಾ ಬಂದರೂ ನೀರು ಹಳೆಯ ವೇಗದಲ್ಲೇ ಮುಂದಕ್ಕೆ ಹೋಗಿ ಮುಂದಿನ ಗೋಡೆಗೆ ಬಡಿಯುತ್ತದೆ. ಆಗ ಗೋಡೆ ನೀರನ್ನು ಹಿಂದಕ್ಕೆ ತಳ್ಳಿ ನಿಲ್ಲಿಸುತ್ತದೆ. ನೀರು ಗೋಡೆಯನ್ನು ಅಷ್ಟೇ ಜೋರಾಗಿ ಮುಂದಕ್ಕೆ ತಳ್ಳುತ್ತದೆ. ನಿಮಗೆ ಗುದ್ದಿದ ಹಾಗೆ ಅನ್ನಿಸಿದ್ದು ಭ್ರಮೆ ಅಲ್ಲವೇ ಅಲ್ಲ. ಯಾರ ಮೇಲೆ? ಟ್ಯಾಂಕಿನ ಮೇಲೆ. ಯಾರಿಂದ? ನೀರಿನಿಂದ. ಎರಡಕ್ಕೂ ಉತ್ತರ ಇದೆ, ಬಾಣ ಬರೆಯಬಹುದು.

ಎಷ್ಟು ಬಲ ಅಂತ ನೋಡೋಣ. 12 ಸಾವಿರ ಲೀಟರ್ ಟ್ಯಾಂಕ್, ಅರ್ಧ ತುಂಬಿದೆ, ಅಂದರೆ 6 ಟನ್ ನೀರು. ಗಂಟೆಗೆ 54 ಕಿಲೋಮೀಟರ್ ಅಂದರೆ ಸೆಕೆಂಡಿಗೆ 15 ಮೀಟರ್. 5 ಸೆಕೆಂಡಿನಲ್ಲಿ ನಿಲ್ಲಿಸಿದರೆ ಸೆಕೆಂಡಿಗೆ 3 ಮೀಟರಿನಂತೆ ವೇಗ ಇಳಿಯುತ್ತಾ ಬರುತ್ತದೆ. 6,000ವನ್ನು 3ರಿಂದ ಗುಣಿಸಿ: 18,000 ನ್ಯೂಟನ್. ಸುಮಾರು 1.8 ಟನ್ ತೂಕವನ್ನು ಆ ಗೋಡೆಗೆ ಒರಗಿಸಿದ ಹಾಗೆ. ಇದು ನೀರು ನಿಧಾನವಾಗಿ ಒತ್ತಿದರೆ ಬರುವ ಲೆಕ್ಕ. ಅಲೆಯಾಗಿ ಬಂದು ಬಡಿದರೆ ಆ ಕ್ಷಣಕ್ಕೆ ಇನ್ನೂ ಜಾಸ್ತಿ. ತುಂಬಿದ ಟ್ಯಾಂಕಿನಲ್ಲಿ ನೀರು ಇನ್ನೂ ಹೆಚ್ಚು, ಬ್ರೇಕಿಗೆ ಕೆಲಸವೂ ಹೆಚ್ಚು. ಆದರೆ ನೀರಿಗೆ ಓಡಲು ಜಾಗ ಇಲ್ಲದ್ದರಿಂದ ಅದು ಗಾಡಿಯ ಜೊತೆಗೇ ನಿಲ್ಲುತ್ತದೆ, ತಡವಾಗಿ ಬಂದು ಬಡಿಯುವುದಿಲ್ಲ.

ಆಕ್ಸಿಲರೇಟರ್ ಪ್ರಶ್ನೆಗೆ ಬರುತ್ತೇನೆ. ಓಡುತ್ತಿರಬೇಕಾದರೆ ತಳ್ಳುತ್ತಲೇ ಇರಬೇಕು ಅಂತ ಅರಿಸ್ಟಾಟಲ್ ಕಾಲದಿಂದ ಸುಮಾರು ಎರಡು ಸಾವಿರ ವರ್ಷ ಬಹಳ ಜನ ನಂಬಿದ್ದರು. ದೊಡ್ಡ ದೊಡ್ಡ ವಿದ್ವಾಂಸರೂ ನಂಬಿದ್ದರು. ಏಕೆಂದರೆ ನೆಲದ ಮೇಲೆ ಕಣ್ಣಿಗೆ ಕಾಣುವುದೇ ಹಾಗೆ. ಗೆಲಿಲಿಯೊ ಇಳಿಜಾರು ಹಲಗೆಗಳ ಮೇಲೆ ಗುಂಡು ಉರುಳಿಸಿ ಯೋಚಿಸಿದ. ಒಂದು ಇಳಿಜಾರಿನಿಂದ ಇಳಿದ ಗುಂಡು ಎದುರಿನ ಏರನ್ನು ಹೆಚ್ಚು ಕಡಿಮೆ ಅಷ್ಟೇ ಎತ್ತರ ಹತ್ತುತ್ತದೆ. ಎದುರಿನ ಏರನ್ನು ತಗ್ಗಿಸಿದರೆ, ಅದೇ ಎತ್ತರ ಮುಟ್ಟಲು ಇನ್ನೂ ದೂರ ಹೋಗುತ್ತದೆ. ಇನ್ನೂ ತಗ್ಗಿಸಿದರೆ ಇನ್ನೂ ದೂರ. ಪೂರ್ತಿ ಮಟ್ಟ ಮಾಡಿಬಿಟ್ಟರೆ? ನಿಲ್ಲುವುದಕ್ಕೆ ಕಾರಣವೇ ಇಲ್ಲ.

ನಿಮ್ಮ ಟ್ಯಾಂಕರಿಗೆ ನಿಲ್ಲುವುದಕ್ಕೆ ಕಾರಣಗಳಿವೆ. ಎದುರಿನ ಗಾಳಿ ತಡೆಯುತ್ತದೆ. ಟೈರು ಪ್ರತಿ ಸುತ್ತಿಗೂ ಅಮುಕಿ ಉಬ್ಬುವುದರಲ್ಲಿ ಶಕ್ತಿ ಹೋಗುತ್ತದೆ. ನೀರು ತುಂಬಿ ಒಟ್ಟು 20 ಟನ್ ಇರುವ ಗಾಡಿ 60ರಲ್ಲಿ ಹೋಗುವಾಗ ನನ್ನ ಅಂದಾಜಿನಲ್ಲಿ ಗಾಳಿಯದ್ದು ಸುಮಾರು 1,000 ನ್ಯೂಟನ್, ಟೈರಿನದ್ದು ಅದಕ್ಕಿಂತ ಸ್ವಲ್ಪ ಜಾಸ್ತಿ. ಎರಡೂ ಸೇರಿ 2,300ರ ಆಸುಪಾಸು. ನಿಮ್ಮ ಕಾಲು ಕೊಡುತ್ತಿರುವುದು ಆ ಸಾಲದ ಕಂತು ಮಾತ್ರ. ಹಿಂದಕ್ಕೆ 2,300, ಮುಂದಕ್ಕೆ 2,300. ಉಳಿದದ್ದು ಸೊನ್ನೆ. ಸೊನ್ನೆ ಬಲದಲ್ಲಿ 20 ಟನ್ ಗಾಡಿ 60ರಲ್ಲಿ ಹಾಯಾಗಿ ಹೋಗುತ್ತಿದೆ.

ತಡೆಯೇ ಇಲ್ಲದ ಕಡೆ ಕಂತು ಕಟ್ಟುವ ಅಗತ್ಯವೂ ಇಲ್ಲ. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ ಇವತ್ತಿಗೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಲೇ ಇದೆ. ಅದನ್ನು ಮುಂದಕ್ಕೆ ತಳ್ಳುವ ಎಂಜಿನ್ ಯಾವುದೂ ಓಡುತ್ತಿಲ್ಲ.

ಇನ್ನು ಆ ಎತ್ತಿದ ಚಕ್ರ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ, ಜೀವದ ವಿಷಯ. ರಸ್ತೆ ನಿಮ್ಮ ಗಾಡಿಯನ್ನು ಒಳಗೆ ಎಳೆಯುವುದು ಎಲ್ಲಿ? ಟೈರಿನ ತಳದಲ್ಲಿ, ನೆಲದ ಮಟ್ಟದಲ್ಲಿ. ಭಾರ ಇರುವುದು ಎಲ್ಲಿ? ಸುಮಾರು 2 ಮೀಟರ್ ಮೇಲೆ. ನಿಂತವನ ಕಾಲ ಕೆಳಗಿನ ಚಾಪೆಯನ್ನು ಪಕ್ಕಕ್ಕೆ ಎಳೆದರೆ ಅವನು ಯಾವ ಕಡೆ ಬೀಳುತ್ತಾನೆ? ಎಳೆದ ದಿಕ್ಕಿಗಲ್ಲ, ಅದರ ಎದುರು ದಿಕ್ಕಿಗೆ. ಅವನನ್ನು ಆ ಕಡೆಗೆ ಯಾರೂ ತಳ್ಳಿಲ್ಲ. ಕಾಲು ಹೋಯಿತು, ತಲೆ ಉಳಿಯಿತು. ನಿಮ್ಮ ಟ್ಯಾಂಕರ್ ಹೊರಕ್ಕೆ ವಾಲಿದ್ದೂ ಒಳಕ್ಕೆ ಎಳೆದದ್ದರಿಂದಲೇ.

ಲೆಕ್ಕ ಹೀಗೆ. ಎರಡೂ ಬದಿಯ ಚಕ್ರಗಳ ನಡುವೆ 2 ಮೀಟರ್, ಭಾರದ ಕೇಂದ್ರ 2 ಮೀಟರ್ ಎತ್ತರ ಅಂತ ಇಟ್ಟುಕೊಂಡರೆ, ಒಳಕ್ಕೆ ಎಳೆಯುವ ಬಲ ಗಾಡಿಯ ತೂಕದ ಅರ್ಧ ಮುಟ್ಟಿದ ಕೂಡಲೇ ಒಳಬದಿಯ ಚಕ್ರ ನೆಲ ಬಿಡುತ್ತದೆ. 40 ಮೀಟರ್ ತ್ರಿಜ್ಯದ ತಿರುವಿನಲ್ಲಿ 36ರ ವೇಗಕ್ಕೆ ಬೇಕಾಗುವ ಬಲ ತೂಕದ ಕಾಲು ಭಾಗ. ಅದೇ ತಿರುವಿನಲ್ಲಿ 50ಕ್ಕೆ ಹೋದರೆ? ತೂಕದ ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ. ವೇಗ ಜಾಸ್ತಿ ಆದದ್ದು 14, ಬಲ ಹೆಚ್ಚು ಕಡಿಮೆ ಎರಡು ಪಟ್ಟು. ಏಕೆಂದರೆ ಇಲ್ಲಿ ವೇಗವನ್ನು ವೇಗದಿಂದಲೇ ಗುಣಿಸಬೇಕು. ಮುಕ್ಕಾಲು ಟ್ಯಾಂಕ್ ನೀರು ಹೊರಬದಿಗೆ ಏರಿಕೊಂಡಿದ್ದರೆ ಅಷ್ಟೂ ಬೇಕಿಲ್ಲ. ಆವತ್ತು ನೀವು ಆ ಅಂಚಿನಲ್ಲೇ ಇದ್ದಿರಿ.

ಉತ್ತರ: ಗಾಳಿ ಓದುವವಳು

ಮೇಷ್ಟ್ರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಒಂದು ಮಾತು ಮಾತ್ರ ಸೇರಿಸಬೇಕು ಅನ್ನಿಸಿತು. ನಾನು ಹವಾಮಾನದ ವಿಷಯ ಓದುತ್ತಿರುವವಳು.

"ಹೊರಗೆ ತಳ್ಳುವ ಬಲ ಇಲ್ಲವೇ ಇಲ್ಲ" ಅಂತ ಹೇಳುವಾಗ ಎಲ್ಲಿ ನಿಂತು ಹೇಳುತ್ತಿದ್ದೇವೆ ಅನ್ನುವುದನ್ನೂ ಸೇರಿಸಬೇಕು. ರಸ್ತೆ ಪಕ್ಕ ನಿಂತವರ ಲೆಕ್ಕದಲ್ಲಿ ಅದು ಇಲ್ಲ. ಆದರೆ ಕ್ಯಾಬಿನ್ ಒಳಗೇ ಕೂತು, ಕ್ಯಾಬಿನ್ ಅಲುಗಾಡುತ್ತಿಲ್ಲ ಅಂತ ಅಂದುಕೊಂಡು ಲೆಕ್ಕ ಮಾಡಿದರೆ, ಬಾಟಲಿ ಯಾಕೆ ಜಾರಿತು ಅಂತ ಹೇಳಲು ಹೊರಕ್ಕೆ ಒಂದು ಬಲ ಸೇರಿಸಲೇಬೇಕು. ಅದನ್ನೇ ಕೇಂದ್ರಾಪಗಾಮಿ ಬಲ ಅನ್ನುವುದು. ಸೇರಿಸಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಅದಕ್ಕೆ 'ಯಾರಿಂದ' ಅನ್ನುವ ಪ್ರಶ್ನೆಗೆ ಮಾತ್ರ ಉತ್ತರ ಇಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ನಾವೆಲ್ಲ ತಿರುಗುವ ಭೂಮಿಯ ಮೇಲೆ ಕೂತಿದ್ದೇವೆ, ಅಂದರೆ ನಾವೂ ತಿರುಗುವ ಕ್ಯಾಬಿನ್ ಒಳಗೇ ಇದ್ದೇವೆ. ಗಾಳಿ ಎಲ್ಲಿಂದ ಎಲ್ಲಿಗೆ ಬಾಗುತ್ತದೆ ಅಂತ ಲೆಕ್ಕ ಮಾಡುವಾಗ ದಿನವೂ ಇಂಥ ಬಲಗಳನ್ನು ಸೇರಿಸುತ್ತೇವೆ. 1835ರಲ್ಲಿ ಕೊರಿಯೊಲಿಸ್ ಇಂಥದ್ದೊಂದು ಬಲವನ್ನು ಬಿಡಿಸಿ ಬರೆದ. 1851ರಲ್ಲಿ ಫೂಕೋ ಪ್ಯಾರಿಸ್‌ನ ಪ್ಯಾಂಥಿಯಾನ್ ಕಟ್ಟಡದಲ್ಲಿ 67 ಮೀಟರ್ ಉದ್ದದ ತಂತಿಗೆ ಭಾರದ ಗುಂಡು ಕಟ್ಟಿ ತೂಗಲು ಬಿಟ್ಟ. ಗಂಟೆ ಕಳೆದ ಹಾಗೆ ಲೋಲಕ ತೂಗುವ ದಿಕ್ಕು ನಿಧಾನವಾಗಿ ಬದಲಾಗುತ್ತಾ ಹೋಯಿತು. ಅದನ್ನು ಯಾರೂ ಪಕ್ಕಕ್ಕೆ ತಳ್ಳುತ್ತಿರಲಿಲ್ಲ. ಕೆಳಗಿನ ನೆಲವೇ ತಿರುಗುತ್ತಿತ್ತು. ನಿಮ್ಮ ಡ್ಯಾಶ್‌ಬೋರ್ಡ್ ಬಾಟಲಿಯ ಕಥೆಯೇ ಅದು, ಸರ್.

ಪರೀಕ್ಷೆಯಲ್ಲಿ ನಿಮ್ಮ ಮಗಳು ಒಳಗಿನ ಬಾಣವನ್ನೇ ಬರೆಯಲಿ. ಎರಡೂ ಲೆಕ್ಕವನ್ನು ಒಂದೇ ಚಿತ್ರದಲ್ಲಿ ಬೆರೆಸಿದರೆ ಒಳಗಿನದು ಹೊರಗಿನದು ವಜಾ ಆಗಿ ಸೊನ್ನೆ ಉಳಿಯುತ್ತದೆ. ಬಲವೇ ಇಲ್ಲದಿದ್ದರೆ ಕಾರು ತಿರುಗುವುದೇ ಇಲ್ಲ. ನಾನು ಮೊದಲ ವರ್ಷ ಈ ತಪ್ಪನ್ನೇ ಮಾಡುತ್ತಿದ್ದೆ.

ಉತ್ತರ: ಗ್ಯಾರೇಜ್ ಕೆಲಸದವನು

ಅಣ್ಣಾ, ನಾನು ಲಾರಿ ರಿಪೇರಿ ಮಾಡುವವನು. ಲೆಕ್ಕ ನನಗೆ ಅಷ್ಟಾಗಿ ಬರುವುದಿಲ್ಲ, ಕಣ್ಣಾರೆ ಕಂಡದ್ದು ಹೇಳುತ್ತೇನೆ.

ಗಾಡಿಯನ್ನು ಮುಂದಕ್ಕೆ ತಳ್ಳುವುದು ಎಂಜಿನ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಸರಲ್ಲಿ ಸಿಕ್ಕಿಕೊಂಡ ಲಾರಿ ನೋಡಿದ್ದೀರಲ್ಲ. ಎಂಜಿನ್ ಅರಚುತ್ತದೆ, ಚಕ್ರ ಗರಗರ ತಿರುಗುತ್ತದೆ, ಗಾಡಿ ಒಂದು ಗೇಣು ಮುಂದೆ ಹೋಗುವುದಿಲ್ಲ. ಎಂಜಿನ್ ಮಾಡುವುದು ಚಕ್ರ ತಿರುಗಿಸುವುದನ್ನು ಮಾತ್ರ. ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತಬೇಕು, ರಸ್ತೆ ಚಕ್ರವನ್ನು ಮುಂದಕ್ಕೆ ತಳ್ಳಬೇಕು. ಕೆಸರು ಹಿಂದಕ್ಕೆ ಒತ್ತಿಸಿಕೊಳ್ಳುವುದಿಲ್ಲ, ಜಾರಿಬಿಡುತ್ತದೆ. ಚಕ್ರದ ಕೆಳಗೆ ಗೋಣಿಚೀಲ, ಕಲ್ಲು ಹಾಕುವುದು ಅದಕ್ಕೇ.

ಮೇಷ್ಟ್ರು 'ಯಾರಿಂದ' ಅಂತ ಕೇಳಿ ಅಂದರಲ್ಲ. ಹೊರಡುವಾಗ, ತಿರುಗುವಾಗ, ನಿಲ್ಲುವಾಗ ಮೂರಕ್ಕೂ ಒಂದೇ ಉತ್ತರ ಅಣ್ಣಾ: ರಸ್ತೆಯಿಂದ. ಅದೂ ಒಂದೊಂದು ಟೈರು ನೆಲ ಮುಟ್ಟುವ ಆ ಕೆಲವೇ ಅಂಗೈ ಅಗಲದ ಜಾಗದಿಂದ. ಇಪ್ಪತ್ತು ಟನ್ ಗಾಡಿ ನಿಂತಿರುವುದು ಅಷ್ಟರ ಮೇಲೆ. ಸವೆದ ಟೈರು ಹಾಕಿಕೊಂಡು ಬರುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು. ಉರುಳುವ ಟೈರಿನ ತಳ, ನೆಲ ಮುಟ್ಟಿದ ಕ್ಷಣದಲ್ಲಿ ನಿಂತೇ ಇರುತ್ತದೆ, ಜಾರುವುದಿಲ್ಲ. ಬ್ರೇಕ್ ಜಾಸ್ತಿ ಒತ್ತಿ ಚಕ್ರ ಲಾಕ್ ಆದರೆ ಜಾರಲು ಶುರು ಮಾಡುತ್ತದೆ. ಜಾರುವ ಟೈರಿಗೆ ಹಿಡಿತ ಕಡಿಮೆ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಎಬಿಎಸ್ ಇರುವ ಕಾರಿನಲ್ಲಿ ಕಾಲಿಗೆ ಟಕಟಕ ಅಂತ ನಡುಕ ಸಿಗುವುದು ಲಾಕ್ ಆಗದ ಹಾಗೆ ಅದು ಬಿಟ್ಟು ಬಿಟ್ಟು ಹಿಡಿಯುವುದರಿಂದ. ಮತ್ತೆ ನಿಲ್ಲುವ ದೂರ: 30ರಲ್ಲಿ ಬ್ರೇಕ್ ಹಿಡಿದು ನಿಲ್ಲಲು ಎಷ್ಟು ದೂರ ಬೇಕೋ, 60ರಲ್ಲಿ ಅದರ ನಾಲ್ಕು ಪಟ್ಟು ಬೇಕು. ಎರಡು ಪಟ್ಟು ಅಂತ ಅಂದುಕೊಂಡವರ ಗಾಡಿಗಳೇ ನನ್ನ ಹತ್ತಿರ ಮುಂಭಾಗ ನಜ್ಜುಗುಜ್ಜಾಗಿ ಬರುವುದು.

ನಿಮ್ಮ ಟ್ಯಾಂಕಿನ ಒಳಗೆ ಅಡ್ಡ ತಗಡು ಇದೆಯಾ ನೋಡಿಸಿ. ತೂತು ಇರುವ ತಗಡುಗಳು, ನೀರು ಒಮ್ಮೆಲೇ ಮುಂದಕ್ಕೆ ನುಗ್ಗದ ಹಾಗೆ ತಡೆಯುತ್ತವೆ. ಕೆಲವು ಹಳೆ ಟ್ಯಾಂಕಿನಲ್ಲಿ ವೆಲ್ಡಿಂಗ್ ಬಿಟ್ಟು ಬಿದ್ದುಹೋಗಿರುತ್ತವೆ. ಆದರೆ ಅವು ಇದ್ದರೂ ಸಾಮಾನ್ಯವಾಗಿ ಅಡ್ಡಕ್ಕೆ ಇರುವುದರಿಂದ ಹಿಂದೆ ಮುಂದೆ ಓಡುವ ನೀರನ್ನು ತಡೆಯುತ್ತವೆ. ತಿರುವಿನಲ್ಲಿ ಪಕ್ಕಕ್ಕೆ ಏರುವ ನೀರಿಗೆ ಅವು ಅಷ್ಟಾಗಿ ಉಪಯೋಗ ಇಲ್ಲ. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು, ತಿರುವಿನ ಒಳಗೆ ಹೋಗಿ ಅಲ್ಲ.

ಪ್ರಶ್ನೆ ಕೇಳಿದವರ ಮಾತು: ಟ್ಯಾಂಕರ್ ಚಾಲಕ

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಮೂರು ತಗಡು ಇರಬೇಕಿತ್ತು, ಎರಡೇ ಇವೆ. ಮುಂದಿನದು ಇಲ್ಲ. ಕೆಳಗೆ ಬೆಸುಗೆಯ ಗುರುತು ಮಾತ್ರ ಉಳಿದಿದೆ. ಮಾಲೀಕರಿಗೆ ಹೇಳಿದ್ದೇನೆ, ಮಾಡಿಸಿಕೊಡುತ್ತೇನೆ ಅಂದಿದ್ದಾರೆ.

ಮೇಷ್ಟ್ರು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಚಾಪೆಯ ಮಾತು ಬಂದ ಕೂಡಲೇ ಅವಳು ಎದ್ದು ಒಂದು ಉಪಾಯ ಹೇಳಿದಳು. ಒಂದು ಸಣ್ಣ ಬಾಟಲಿಗೆ ನೀರು ತುಂಬಿ, ಕಡಲೆ ಕಾಳಿನಷ್ಟು ಗಾಳಿ ಬಿಟ್ಟು, ಮುಚ್ಚಳ ಬಿಗಿ ಮಾಡಿ ಅಡ್ಡ ಮಲಗಿಸಿದಳು. ಒಳಗೆ ಒಂದು ಗುಳ್ಳೆ. ಗೋಡೆ ಕಟ್ಟುವವರ ರಸಮಟ್ಟದ ಹಾಗೆ. ಭಾನುವಾರ ಖಾಲಿ ಟ್ಯಾಂಕರಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಬಾಟಲಿಯನ್ನು ಡ್ಯಾಶ್‌ಬೋರ್ಡಿಗೆ ಟೇಪ್ ಹಾಕಿ ಅಂಟಿಸಿದ್ದಳು, ಮೊದಲು ಉದ್ದಕ್ಕೆ.

ನಾನು ರಸ್ತೆ ನೋಡುತ್ತಿದ್ದೆ, ಅವಳು ಗುಳ್ಳೆ ನೋಡಿ ಹೇಳುತ್ತಿದ್ದಳು. ಗಾಡಿ ಹೊರಟಾಗ ನೀರು ಹಿಂದಕ್ಕೆ ಹೋಯಿತು, ಗುಳ್ಳೆ ಮುಂದಕ್ಕೆ ಓಡಿತು. ಬ್ರೇಕ್ ಹಿಡಿದಾಗ ಗುಳ್ಳೆ ಹಿಂದಕ್ಕೆ. ಆಮೇಲೆ ಬಾಟಲಿ ಅಡ್ಡಕ್ಕೆ ಅಂಟಿಸಿ ಎಡ ತಿರುವಿಗೆ ಹೋದೆವು. ನನ್ನ ಭುಜ ಬಲಗಡೆ ಬಾಗಿಲಿಗೆ ತಾಗಿತು. "ಗುಳ್ಳೆ ಎಲ್ಲಿದೆ?" ಅಂದೆ. "ಎಡಗಡೆ ತುದಿಯಲ್ಲಿ, ಅಪ್ಪಾ!" ಅಂತ ಕೂಗಿದಳು. ಒಳಗಡೆಗೆ! ಅವಳ ಪುಸ್ತಕದ ಬಾಣ ಎಲ್ಲಿಗೆ ಮುಖ ಮಾಡಿತ್ತೋ ಅಲ್ಲಿಗೇ.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಅದಲ್ಲ. ಊರಾಚೆಯ ನೇರ ರಸ್ತೆಯಲ್ಲಿ 20ರಲ್ಲಿ ಹೋದೆ, ಗುಳ್ಳೆ ನಡುವೆ. 40ರಲ್ಲಿ ಸ್ಥಿರವಾಗಿ ಹೋದೆ, ನಡುವೆ. 60ರಲ್ಲೂ ನಡುವೆಯೇ. ನಿಂತಾಗ ಎಲ್ಲಿತ್ತೋ ಅಲ್ಲೇ. ಅದಕ್ಕೆ ನಾವು ಓಡುತ್ತಿದ್ದೇವೆ ಅಂತಲೇ ಗೊತ್ತಿಲ್ಲ. ಆಗ ನನಗೆ ಸೊನ್ನೆ ಬಲ ಅಂದರೆ ಏನು ಅಂತ ಅರ್ಥ ಆಯಿತು.

ಒಂದು ಕಡೆ ಮಾತ್ರ ಸಿಕ್ಕಿಕೊಂಡೆವು. ಬಾಟಲಿಯನ್ನು ಮತ್ತೆ ಉದ್ದಕ್ಕೆ ಅಂಟಿಸಿ, ಒಂದು ಉದ್ದ ಇಳಿಜಾರಿನಲ್ಲಿ ಗೇರ್ ಹಾಕಿಕೊಂಡೇ, ಸರಿಯಾಗಿ 30ರಲ್ಲಿ ಇಳಿದೆ. ಮುಳ್ಳು ಅಲುಗಲಿಲ್ಲ. ಆದರೂ ಗುಳ್ಳೆ ಹಿಂದಿನ ತುದಿಗೆ ಹೋಗಿ ನಿಂತಿತು. ವೇಗ ಬದಲಾಗದಿದ್ದರೆ ನಡುವೆ ಇರಬೇಕಿತ್ತಲ್ವಾ ಮೇಷ್ಟ್ರೇ? ಮಗಳು ಎರಡು ಪುಟ ಬರೆದಳು, ಬಿಡಿಸಲಾಗಲಿಲ್ಲ.

ಉತ್ತರ: ಹಳೇ ಮೇಷ್ಟ್ರು

ಈ ಪ್ರಯೋಗ ಓದಿ ಕಣ್ಣು ತುಂಬಿತು. ಮಗಳಿಗೆ ನನ್ನ ಶಹಬ್ಬಾಸ್ ಹೇಳಿ.

ಸುಳಿವು ನೀವೇ ಬರೆದಿದ್ದೀರಿ: ರಸಮಟ್ಟ. ಇಳಿಜಾರಿನಲ್ಲಿ ಗಾಡಿಯ ಹಿಂಭಾಗ ಎತ್ತರದಲ್ಲಿದೆ, ಬಾಟಲಿಯೂ ಹಾಗೇ ವಾಲಿದೆ. ಗುಳ್ಳೆ ಎತ್ತರದ ತುದಿಗೆ ಹೋಗಲೇಬೇಕು. ಗಾಡಿ ಅಲ್ಲೇ ನಿಂತಿದ್ದರೂ ಅಲ್ಲೇ ಇರುತ್ತಿತ್ತು. ನಿಂತಾಗ ಮತ್ತು 30ರಲ್ಲಿ ಸ್ಥಿರವಾಗಿ ಇಳಿಯುವಾಗ ಗುಳ್ಳೆ ಒಂದೇ ಕಡೆ ಇತ್ತು ಅಂದರೆ, ನಿಮ್ಮ ನೇರ ರಸ್ತೆಯ ಮಾತೇ ಇಲ್ಲೂ ನಿಜವಾಯಿತು. ಗುರುತ್ವ ಗಾಡಿಯನ್ನು ಕೆಳಕ್ಕೆ ಎಳೆಯುತ್ತಿದೆ, ಎಂಜಿನ್ ಹಿಡಿತ ರಸ್ತೆಯ ಮೂಲಕ ಅಷ್ಟನ್ನೇ ಹಿಂದಕ್ಕೆ ಎಳೆಯುತ್ತಿದೆ, ಉಳಿದದ್ದು ಸೊನ್ನೆ.

ಈಗ ಸೋಜಿಗದ ಸಂಗತಿ. ಹಿಡಿತವೇ ಇಲ್ಲದೆ ಅದೇ ಇಳಿಜಾರಿನಲ್ಲಿ ಗಾಡಿ ತನ್ನಷ್ಟಕ್ಕೆ ಉರುಳಿ, ವೇಗ ಏರುತ್ತಾ ಹೋದರೆ, ಗುಳ್ಳೆ ಹೆಚ್ಚು ಕಡಿಮೆ ನಡುವೆ ಬಂದು ನಿಲ್ಲುತ್ತದೆ. ಬಾಟಲಿ ವಾಲಿದ್ದು ಅದನ್ನು ಹಿಂದಕ್ಕೆ ಕರೆಯುತ್ತದೆ, ವೇಗ ಏರುವುದು ಮುಂದಕ್ಕೆ ಕರೆಯುತ್ತದೆ. ದಯವಿಟ್ಟು ಇದನ್ನು ಟ್ಯಾಂಕರಿನಲ್ಲಿ ನೋಡಲು ಹೋಗಬೇಡಿ. ನ್ಯೂಟ್ರಲ್ ಮಾಡಿ ಇಳಿಸುವುದು ಪ್ರಾಣಕ್ಕೆ ಸಂಚಕಾರ. ಒಂದು ಉದ್ದನೆಯ ಹಲಗೆ, ಸಲೀಸಾಗಿ ಉರುಳುವ ಚಕ್ರದ ಆಟಿಕೆ ಗಾಡಿ, ಅದರ ಮೇಲೆ ಅದೇ ಬಾಟಲಿ. ಕೆಳಗೆ ಒಂದು ದಿಂಬು ಇಡಿ, ಇಲ್ಲದಿದ್ದರೆ ಬಾಟಲಿ ಒಡೆಯುತ್ತದೆ. ಫೋನಿನಲ್ಲಿ ನಿಧಾನ ಚಲನೆಯ ವಿಡಿಯೊ ಮಾಡಿ ನೋಡಿ. ಗಾಡಿಯನ್ನು ಕೈಯಲ್ಲಿ ಹಿಡಿದಿದ್ದಾಗ ಗುಳ್ಳೆ ಎಲ್ಲಿತ್ತು, ಬಿಟ್ಟ ಕ್ಷಣ ಎಲ್ಲಿಗೆ ಹೊರಟಿತು, ದಿಂಬಿಗೆ ಬಡಿದಾಗ ಎಲ್ಲಿಗೆ ಹಾರಿತು, ಮೂರನ್ನೂ ಅವಳು ಬರೆದಿಡಲಿ.

ಪ್ರಶ್ನೆ ಕೇಳಿದವರ ಮಾತು: ಟ್ಯಾಂಕರ್ ಚಾಲಕ

ಹಲಗೆ ಸಿಕ್ಕಿತು ಮೇಷ್ಟ್ರೇ. ಹಳೆಯ ಮಂಚದ್ದು, ಆರಡಿ ಇದೆ. ಆಟಿಕೆ ಗಾಡಿಯ ಒಂದು ಚಕ್ರ ಬಿಗಿ ಇದೆ, ಎಣ್ಣೆ ಬಿಟ್ಟಿದ್ದೇನೆ. ಈಗ ಮಗಳು ಬಾಟಲಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದಾಳೆ. ಬಿಟ್ಟ ಕ್ಷಣ ಗುಳ್ಳೆ ನಡುವೆ ಬರುತ್ತದೆ ಅಂತ ಅವಳು, ಸ್ವಲ್ಪ ಹಿಂದೆಯೇ ಉಳಿಯುತ್ತದೆ ಅಂತ ನಾನು. ಎಣ್ಣೆ ಬಿಟ್ಟರೂ ಆ ಚಕ್ರ ಇನ್ನೂ ಕೊಂಚ ಹಿಡಿಯುತ್ತಿದೆ, ಅದಕ್ಕೆ.